ಒಡೆಯದ ಟಾನಿಕ್ ಬಾಟ್ಲಿ

ಅಣ್ಣು,

ಅಳಿಯ ಚಿತ್ತರಂಜನ ನಿನಗೆಂದು ತಂದುಕೊಟ್ಟ ಟಾನಿಕ್ ಬಾಟ್ಲಿ ಹಿಡಿದುಕೊಂಡು ಫಳ್ನೀರಿನ ಡಾಕ್ಟರಲ್ಲಿಗೆ ಹೋಗುತ್ತಿದ್ದೇನೆ. ನಮ್ಮ ವಯಸ್ಸಿನವರಿಗೆ ಇದು ನಿಜವಾಗಿ ಬೇಕೋ ಎಂದು ಕೇಳಬೇಕು. ನನಗಂತೂ ಮೊದಲಿನಿಂದಲೂ ಸಂಶಯ.

ಈಗ ಸಂಶಯ ನಿನ್ನ ಮೇಲೆ. ಹತ್ತು ದಿನದಿಂದ, "ಟಾನಿಕ್ಕಿನಲ್ಲೇ ಹೊಟ್ಟೆ ತುಂಬಿತು ಅಕ್ಕ, ಇನ್ನು ಗಂಜಿ ಎಂತಕ್ಕೆ? ಮೀನೂ ನೀವೇ ತಿನ್ನಿ," ಎನ್ನುತ್ತಿದ್ದೀ. ದಿನವೂ ಚಮಚ ತೊಳೆದು ಕವುಚಿ ಹಾಕುವುದು ಬೇರೆ! ಇಂದು ನೋಡಿದರೆ ಬಿರಡೆಯ ಮೇಲಿನ ಅರಗೇ ಒಡೆದಿಲ್ಲ.

ರೇಶನ್ ಅಕ್ಕಿ ಇಬ್ಬರಿಗೆ ಸಾಲದೆಂದು ನೀನು ಅರೆಹೊಟ್ಟೆ ಇದ್ದೆಯಲ್ಲ, ನಾನು ತಿಳಿಯದೆ ನಿನ್ನ ಪಾಲನ್ನೂ ಉಂಡೆ. ನಿನ್ನ ಅಂಗಿ ಸಡಿಲವಾಯಿತೆಂದು ಪಾಪ, ಆ ಮಡಿವಾಳನನ್ನು ಬೈದದ್ದೂ ಆಯಿತು.

ಒಲೆಯ ಪಕ್ಕ ಗಂಜಿ ಉಂಟು, ಬಂಗುಡೆ ಸಾರು ಉಂಟು. ನಾನು ಉಂಡೇ ಹೊರಟಿದ್ದೇನೆ, ನನಗೆಂದು ಎಂತದೂ ತೆಗೆದಿಡಬೇಡ. ಬಂದು ಬಟ್ಟಲಲ್ಲಿ ಮುಳ್ಳು ಉಂಟೋ ಎಂದು ನೋಡುತ್ತೇನೆ. ಮೀನನ್ನು ಬೆಕ್ಕಿಗೆ ಹಾಕಿದರೂ ಸಿಕ್ಕಿಬೀಳುತ್ತೀ, ಅದು ಮುಳ್ಳನ್ನೂ ಬಿಡುವುದಿಲ್ಲ.

ಅಕ್ಕ