ರಾಹುಕಾಲ ಕಳೆಯಲೆಂದು ಕಾದ ಕಿವಿ

ದಾವಣಗೆರೆ
ಫೆಬ್ರವರಿ 30, 2193

ಚಂದ್ರಮತಿ ಅಜ್ಜಿಯವರಿಗೆ, ನಿಮ್ಮ ಮರಿಮೊಮ್ಮಗಳ ಮರಿಮೊಮ್ಮಗಳು ಇಳಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ಫೆಬ್ರವರಿಗೆ ಮೂವತ್ತು ದಿನ. ಕೆಲವು ಪದಗಳೂ ಹೊಸದೆನಿಸಬಹುದು, ಮನ್ನಿಸಿ. ನನ್ನ ಸಿಟ್ಟನ್ನು ಮನ್ನಿಸಿ ಎಂದು ಮಾತ್ರ ಕೇಳುವುದಿಲ್ಲ. ಅದರಲ್ಲಿ ನಿಮಗೂ ಪಾಲಿದೆ.

ನೀವು ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ನರ್ಸ್ ಆಗಿದ್ದವರು. ಗಡ್ಡೆ ಕರಗಿಸುವ ಔಷಧಿ ಒಳಗಿವಿಯ ಜೀವಕೋಶಗಳನ್ನೂ ಕೊಲ್ಲುತ್ತದೆ, ಸತ್ತವು ಮತ್ತೆ ಹುಟ್ಟುವುದಿಲ್ಲ ಎಂದು ಬಲ್ಲವರು. ಅವನ್ನು ಕಾಯುವ ಇನ್ನೊಂದು ಡ್ರಿಪ್ಪನ್ನು ನಾವು ಕಿವಿಗಾವಲು ಎನ್ನುತ್ತೇವೆ. ಜೀವ ಉಳಿದರೆ ಸಾಕು, ಮಗುವಿಗೆ ಮತ್ತೊಂದು ಸೂಜಿ ಯಾಕೆ ಎಂದು ಆಗ ಮನೆಯವರು ಒಪ್ಪುತ್ತಿರಲಿಲ್ಲವಂತೆ. ನೀವು ಉಪಾಯ ಹೂಡಿದಿರಿ. ಕಿವಿ ಚುಚ್ಚುವಾಗಿನಂತೆ ಸೋದರಮಾವನೇ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲಿ ಎಂದಿರಿ. ಜನ ಒಪ್ಪಿದರು, ಎಷ್ಟೋ ಕಿವಿಗಳು ಉಳಿದವು. ಆ ಪುಣ್ಯ ನಿಮ್ಮದೇ.

ಈಗ ಅದು ದೊಡ್ಡ ಶಾಸ್ತ್ರ. ಮಾವ ಹೊಸ ಬಟ್ಟೆ ತರುತ್ತಾನೆ, ವಾರ್ಡಿನಲ್ಲೇ ಆರತಿ ಆಗುತ್ತದೆ, ಬಂದವರಿಗೆಲ್ಲ ಮಂಡಕ್ಕಿ, ಮಿರ್ಚಿ. ಮನೆಯವರು ಹೂಂ ಎನ್ನುವವರೆಗೆ ನರ್ಸ್ ಡ್ರಿಪ್ ಮುಟ್ಟುವಂತಿಲ್ಲ. ಆದರೆ ಕಿವಿಗಾವಲಿಗೆ ತನ್ನದೇ ಹೊತ್ತಿದೆ, ಗಡ್ಡೆಯ ಔಷಧಿ ಮುಗಿದ ಆರು ಗಂಟೆಗೆ. ಬೇಗ ಕೊಟ್ಟರೆ ಗಡ್ಡೆಯ ಔಷಧಿ ಸೋಲಬಹುದು, ತಡವಾದರೆ ಕಿವಿ ಹೋಗುತ್ತದೆ. ನಮ್ಮವರಿಗೆ ಆರತಿ ನೆನಪಿದೆ, ಈ ಹೊತ್ತು ಮರೆತುಹೋಗಿದೆ.

ನನಗೆ ಗಡ್ಡೆ ಬಂದಾಗ ಐದು ವರ್ಷ. ಗಡ್ಡೆ ಹೋಯಿತು, ಕಿವಿಯೂ ಹೋಯಿತು. ಗಾವಲು ನಿನ್ನ ಮೈಗೆ ಒಗ್ಗಲಿಲ್ಲ ಮಗಳೇ ಎಂದರು ಅಮ್ಮ. ನನ್ನ ಮೈಯನ್ನೇ ಬೈದುಕೊಂಡು ಬೆಳೆದೆ. ಎದುರಿನವರ ಮಾತನ್ನು ಅಕ್ಷರ ಮಾಡಿ ತೋರಿಸುವ ಮಾತುಗನ್ನಡಕ ಹಾಕಿಕೊಂಡೇ ಓದಿದೆ, ಮದುವೆಯಾದೆ, ಹೆತ್ತೆ.

ಈಗ ನನ್ನ ಮಗಳು ಹೊನ್ನಿಗೂ ಅದೇ ಗಡ್ಡೆ. ನಾಳೆ ಮೊದಲ ಔಷಧಿ. ಗಾವಲಿನ ಹೊತ್ತು ಸರಿಯಾಗಿ ರಾಹುಕಾಲದಲ್ಲಿ ಬೀಳುತ್ತದೆ. ಏನು ಮಾಡುವುದೆಂದು ಹೊನ್ನಿಯನ್ನು ಕೂರಿಸಿಕೊಳ್ಳಬೇಕಾದ ನಮ್ಮಣ್ಣ ಕೇಳಿದ. ನನ್ನನ್ನು ಅಂದು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಓಂಕಾರಮಾವ ಎಲೆಯಡಿಕೆ ಮೆಲ್ಲುತ್ತ ಹೇಳಿದ್ದು ನನ್ನ ಕನ್ನಡಕದ ಮೇಲೆ ಮೂಡಿತು: "ಅವಸರ ಏನಪ್ಪ? ಇಳಾಗೂ ರಾಹುಕಾಲ ಕಳೀಲಿ ಅಂತ ಕಾದ್ವಿ. ಆಮೇಲೆ ಕತ್ಲಾತು, ಬೆಳಿಗ್ಗೆ ಹಾಕ್ಸಿದ್ವಿ. ಈಗೇನಾಗೇತಿ? ಚೆನ್ನಾಗೇ ಅದಾಳಲ್ಲ."

ಅಮ್ಮನ ಕಡೆ ತಿರುಗಿದೆ. ಅವರು ತಲೆ ತಗ್ಗಿಸಿದರು. ಗಾವಲು ನನ್ನ ಮೈಗೆ ಒಗ್ಗದೆ ಹೋದದ್ದಲ್ಲ, ಹೊತ್ತು ಮೀರಿ ಹಾಕಿಸಿದ್ದು. ಇಷ್ಟು ವರ್ಷ ಮನೆಮಂದಿಯೆಲ್ಲ ಸೇರಿ ನನಗೆ ಮೋಸ ಮಾಡಿದರು, ಅದೂ ಪ್ರೀತಿಯಿಂದ.

ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಮಾವನನ್ನು ಕೂರಿಸಿ, ಆರತಿಯನ್ನೂ ಮಾಡಿಸಿ. ಆದರೆ ಹೊತ್ತಾದ ಮೇಲೆ ಯಾರಿಗೂ, ಯಾವ ಕಾಲಕ್ಕೂ ಕಾಯಬಾರದು ಎನ್ನುವುದನ್ನೂ ಶಾಸ್ತ್ರವಾಗಿಯೇ ಕಲಿಸಿ. ಈ ಕಾಗದ ಹಿಂದಕ್ಕೆ ಹೋಗಿ ನಿಮ್ಮ ಕಾಲದಲ್ಲಿ ನಿಮಗೆ ಮುಟ್ಟುತ್ತದೋ ಇಲ್ಲವೋ. ಮುಟ್ಟದಿದ್ದರೂ ನಾಳೆ ಹೂಂ ಎನ್ನುವವಳು ನಾನೇ. ಮಾವಂದಿರು ಹೊರಗೆ ಪಂಚಾಂಗ ನೋಡುತ್ತಿರಲಿ, ಹೊನ್ನಿ ನನ್ನ ತೊಡೆಯ ಮೇಲಿರುತ್ತಾಳೆ.

ಅವಳು ಅಮ್ಮಾ ಎಂದಾಗ ನನಗೆ ಕಾಣುವುದು ಗಾಜಿನ ಮೇಲಿನ ಎರಡಕ್ಷರ. ಅವಳ ದನಿ ಹೇಗಿದೆಯೋ ನಾನರಿಯೆ. ನನ್ನ ದನಿ ಅವಳಿಗೆ ಗೊತ್ತು. ಅದನ್ನು ಅವಳಿಂದ ಕಿತ್ತುಕೊಳ್ಳಲು ನಾನು ಬಿಡುವುದಿಲ್ಲ.

ಇಳಾ