ವಾಡೆಯವರ ಕೈಯಲ್ಲಿ ಗೆಜ್ಜೆಕೋಲು

ಚಿದ್ರಿ, ಬೀದರ
6 ಅಕ್ಟೋಬರ್ 2024

ಗೆಳತಿ ಪ್ರಮಿಲಾಗೆ ಕೌಸಲ್ಯಾ ಬರೆಯುವುದು. ನಮ್ಮ ಮನೆಯವರೆಲ್ಲರ ಜೈ ಭೀಮ.

ಮೊನ್ನೆ ಒಂದು ಕೆಟ್ಟ ಕನಸು ಬಿತ್ತು. ಔರಾದಿನ ಸಭೆಯಲ್ಲಿ ನನ್ನನ್ನು ಮೈಕಿನ ಮುಂದೆ ನಿಲ್ಲಿಸಿದ್ದಾರೆ. ಬಾಯಿ ತೆರೆದರೆ ಹಲ್ಲುಗಳು ಒಂದೊಂದಾಗಿ ಅಂಗೈಗೆ ಬೀಳುತ್ತವೆ. ನಾನು ಅವನ್ನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದೇನೆ, ಜನ ಚಪ್ಪಾಳೆ ತಟ್ಟುತ್ತಿದ್ದಾರೆ. ಎದ್ದು ಹಲ್ಲು ಮುಟ್ಟಿ ನೋಡಿಕೊಂಡೆ. ಆಮೇಲೆ ಗ್ಯಾಸ್ ಬಂದ್ ಮಾಡಿದ್ದೆನೋ ಇಲ್ಲವೋ ಎಂದು ನೋಡಿದೆ, ಹೊರಗಿನ ಚಿಲಕ ನೋಡಿದೆ. ಮಗಳು ವಿಶಾಖಾ ಮಲಗಿದಲ್ಲಿಂದಲೇ, "ಅವ್ವ, ಎಲ್ಲಾ ಬಂದ್ ಅದ. ನೀ ಒಬ್ಬಾಕಿ ಬಂದ್ ಆಗು" ಅಂದಳು.

ತಡವಾಗಿ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡ. ನೀನು ಎಷ್ಟೋ ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಫೋನಿನಲ್ಲಿ ನಿನ್ನ ಮಾತು ಓಡುತ್ತದೆ, ನನ್ನದು ಎಡವುತ್ತದೆ. ಆರನೇ ತರಗತಿಗೇ ಸಾಲಿ ಬಿಟ್ಟವಳು ನಾನು, ಕಾಗದದಲ್ಲಿ ತಪ್ಪುಗಳಿರುತ್ತವೆ. ಚಿಕ್ಕಂದಿನಲ್ಲಿ ತಿದ್ದುತ್ತಿದ್ದೆಯಲ್ಲ, ಹಾಗೆ ತಿದ್ದಿಕೊಂಡು ಓದು. ಮೊಣಕಾಲು ನೋವು ಹೇಗಿದೆ? ಭಾಲ್ಕಿಯ ಮನೆಯ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೋ. ನಿನ್ನ ಮೇಲೆ ಎಷ್ಟು ಸಿಟ್ಟಿದ್ದರೂ ಆ ಮೆಟ್ಟಿಲಿನ ಚಿಂತೆ ನನ್ನನ್ನು ಬಿಡುವುದಿಲ್ಲ.

ಸಿಟ್ಟು ಇದೆ. ಹೇಳಿಬಿಡುತ್ತೇನೆ.

ಬೇಸಿಗೆಯಲ್ಲಿ ನಿನ್ನ ಮನೆಗೆ ಬಂದಾಗ ಇಬ್ಬರೂ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದೆವು. ನೀನೇ ಮಾತು ತೆಗೆದೆ. "ಸೆಪ್ಟೆಂಬರ್ ಹದಿನೇಳರ ವಿಮೋಚನಾ ದಿನಕ್ಕ ಔರಾದಿನಾಗ ನನಗ ಮಾತಾಡ್ಲಾಕ ಕರದಾರ. ಅವೇ ದೊಡ್ಡವರ ಹೆಸರು ಎಷ್ಟ ಸಲ ಹೇಳೂದು? ನಿಮ್ಮಜ್ಜನ ಸುದ್ದಿ ಹೇಳು ಕೌಸಿ, ಈ ಸಲ ಅದನ್ನೇ ಹೇಳ್ತೀನಿ" ಅಂದೆ.

ನಮ್ಮ ಆಯಿ, ನನ್ನ ಅಪ್ಪನ ತಾಯಿ, ನನಗೆ ಹೇಳಿದ ಹಾಗೆಯೇ ನಿನಗೆ ಹೇಳಿದೆ. ದಿಲ್ಲಿಯಲ್ಲಿ ಸ್ವಾತಂತ್ರ್ಯ ಬಂದಿತ್ತು, ನಮ್ಮ ಕಡೆ ಇನ್ನೂ ನಿಜಾಮರ ರಾಜ್ಯ. ನಮ್ಮೂರು ಡಾಬಕಾದಲ್ಲಿ ಬಾವುಟ ಹಾರಿಸಿದ ಹುಡುಗರನ್ನು ನಿಜಾಮರ ಕಡೆಯ ರಜಾಕಾರರು ಹುಡುಕುತ್ತಿದ್ದ ಮೊದಮೊದಲ ದಿನಗಳು. ನಮ್ಮಜ್ಜ ನರಸಿಂಗ ಊರಿನ ಓಲೆಕಾರ. ಸರಕಾರಿ ಸುದ್ದಿಯನ್ನು ಪಕ್ಕದ ಊರಿಗೆ ಮುಟ್ಟಿಸುವುದು ನಮ್ಮ ಕೇರಿಯವರ ಪಾಲಿನ ಬಿಟ್ಟಿ ಕೆಲಸ. ಹೋಗುವಾಗ ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು ಇರಲೇಬೇಕು. ಆ ಸದ್ದು ಕೇಳಿದರೆ ಮೇಲಿನವರು ಮೈಲಿಗೆಯಾದೀತೆಂದು ದಾರಿ ಬಿಟ್ಟು ಸರಿಯುತ್ತಿದ್ದರು. ಪಹರೆಯವರೂ ಓಲೆಕಾರ ಹೊರಟಿದ್ದಾನೆ ಎಂದು ಹತ್ತಿರ ಬರುತ್ತಿರಲಿಲ್ಲ. ಅಜ್ಜ ಅದನ್ನೇ ಬಳಸಿಕೊಂಡ. ಅವನು ಕೋಲು ಕುಟ್ಟುತ್ತ ಮುಂದೆ, ಕಂಬಳಿ ಹೊದ್ದ ಹುಡುಗರು ಹಿಂದೆ. ಗೆಜ್ಜೆ ನಿಂತರೆ ಹುಡುಗರು ನೆಲಕ್ಕೆ ಮಲಗಬೇಕು. ಈಗಿನ ಮಹಾರಾಷ್ಟ್ರದ ಗಡಿ ಆಗ ಗಡಿಯೇ ಅಲ್ಲ, ಉದಗೀರವೂ ನಿಜಾಮರದೇ. ಅಜ್ಜ ಉದಗೀರದ ದಾರಿಗೆ ಹಚ್ಚಿ ಬರುತ್ತಿದ್ದ. ಅಲ್ಲಿಂದ ನಿಜಾಮರ ರಾಜ್ಯದಾಚೆ ಸೋಲಾಪುರದ ಕಡೆಯ ಶಿಬಿರಕ್ಕೆ ಬೇರೆಯವರು ಕರೆದೊಯ್ಯುತ್ತಿದ್ದರು. ಒಂದು ದಿನ ಮನೆಯಿಂದ ಹೋದವನು ತಿರುಗಿ ಬರಲಿಲ್ಲ. ರಜಾಕಾರರು ಹಿಡಿದರು ಎಂಬಷ್ಟೇ ನಮ್ಮವರಿಗೆ ಗೊತ್ತು.

ಕೇಳಿ ನೀನು ಅತ್ತೆ. ಹುಣಸೆಯ ಕೈಯಿಂದಲೇ ಕಣ್ಣೊರೆಸಿಕೊಂಡು, ಕಣ್ಣು ಉರಿದು ಇನ್ನೂ ಅತ್ತೆ. "ನಿಮ್ಮಜ್ಜನ ಹೆಸರು ಇಡೀ ತಾಲೂಕಿಗೆ ಗೊತ್ತಾಗ್ಲಿ" ಅಂದೆ. ಆ ಮಾತನ್ನು ಕಟ್ಟಿಕೊಂಡು ಬೀದರಿಗೆ ಬಂದವಳು ನಾನು.

ಹದಿನೇಳನೇ ತಾರೀಖಿಗೆ ವಿಶಾಖಾ ಕೆಲಸಕ್ಕೆ ರಜೆ ಹಾಕಿದಳು. ಪಕ್ಕದ ಮನೆಯ ಮುಸರ್ರತ, "ನಿಮ್ಮ ದಾದಾನ ಸುದ್ದಿ ಕೇಳ್ಲಾಕ ನಾನೂ ಬರ್ತೀನ್ರಿ, ಚಹಾ ಮಾತ್ರ ನಿಮ್ಮದು" ಎಂದು ಜೊತೆಗೆ ಹೊರಟಳು. ಬಸ್ಸು ತಡವಾದೀತು, ಕುರ್ಚಿ ಸಿಗಲಿಕ್ಕಿಲ್ಲ, ನೀನು ಅಜ್ಜನ ಹೆಸರು ಹೇಳುವಾಗ ನನಗೆ ಕೆಮ್ಮು ಬಂದರೆ ಹೇಗೆ ಎಂದು ದಾರಿಯುದ್ದಕ್ಕೂ ಅವರಿಬ್ಬರ ತಲೆ ತಿಂದೆ.

ನೀನು ಮೈಕ್ ಹಿಡಿದೆ. "ನಮ್ಮ ಅಜ್ಜನವರು" ಎಂದು ಸುರು ಮಾಡಿದೆ. ಮೊದಲು ಊರ ದೊಡ್ಡ ಮನೆಯ, ವಾಡೆಯ ಯಜಮಾನನಾದ ನಿನ್ನ ಅಜ್ಜನದು ಹೇಳಿ ಆಮೇಲೆ ನನ್ನ ಅಜ್ಜನಿಗೆ ಬರುತ್ತೀಯ ಎಂದು ಕಾದೆ. "ನಮ್ಮ ಅಜ್ಜನವರು ಗೆಜ್ಜೆಕೋಲು ಹಿಡಿದು ಮುಂದೆ ನಡೆಯುತ್ತಿದ್ದರು, ಗೆಜ್ಜೆ ನಿಂತರೆ ಹುಡುಗರು ನೆಲಕ್ಕೆ ಮಲಗುತ್ತಿದ್ದರು" ಅಂದೆ. ಜನ ಚಪ್ಪಾಳೆ ತಟ್ಟಿದರು. ನಿನ್ನ ಮಕರಂದ ಕಾಕಾ ಮುಂದಿನ ಸಾಲಿನಲ್ಲಿ ತಲೆಯಾಡಿಸುತ್ತ ಕೂತಿದ್ದರು. ನಾನೂ ಚಪ್ಪಾಳೆ ತಟ್ಟಿದೆ ಪ್ರಮಿಲಾ. ಕೈಗಳು ತಾವೇ ತಟ್ಟಿದವು, ಮನಸ್ಸಿಗೆ ಆಮೇಲೆ ತಿಳಿಯಿತು.

ವಿಶಾಖಾ ನನ್ನ ಕಿವಿಯಲ್ಲಿ ಅಂದಳು: "ವಾಡೇದವ್ರ ಕೈಯಾಗ ಗೆಜ್ಜೆಕೋಲು? ನಮಗ ನೀರು ಕೊಡೂದಿದ್ರ ಮ್ಯಾಲಿಂದ ಹೊಯ್ತಿದ್ದವ್ರು. ಆ ಕೋಲು ಮುಟ್ಟಿದ್ರ ಹೊಳಿಗಿ ಹೋಗಿ ಜಳಕ ಮಾಡಿ ಬರ್ತಿದ್ರು." ಆ ಸಭೆಯಲ್ಲಿ ವಯಸ್ಸಾದವರು ಎಷ್ಟು ಜನ ಇದ್ದರು. ಯಾರಿಗೂ ಇದು ಹೊಳೆಯಲಿಲ್ಲವೇ? ಹೊಳೆದಿರಬೇಕು. ಚಪ್ಪಾಳೆ ಆದ ಮೇಲೆ ಯಾರು ಎದ್ದು ಹೇಳುತ್ತಾರೆ?

ಶಾಮಿಯಾನದ ಹಿಂದೆ ನಿನ್ನನ್ನು ಕೇಳಿದೆ, "ಪ್ರಮಿಲಾ, ನಮ್ಮಜ್ಜನ ಹೆಸರು ಎಲ್ಲಿ ಹೋತು?" ನೀನು ಹಾರ ತೆಗೆದು ಚೀಲಕ್ಕೆ ತುರುಕುತ್ತಿದ್ದೆ. "ಟೈಮ್ ಕಮ್ಮಿ ಇತ್ತು ಕೌಸಿ. ಮಕರಂದ ಕಾಕಾನೂ ಒಂದಿಷ್ಟು ಹೇಳಿದ್ರು, ಅದನ್ನೂ ಸೇರಿಸಬೇಕಾತು. ವೇದಿಕಿ ಮ್ಯಾಲ ಸ್ವಲ್ಪ ಹೆಚ್ಚುಕಮ್ಮಿ ಆಗ್ತದ. ನಿಮ್ಮಜ್ಜ ಆದ್ರೇನು ನಮ್ಮಜ್ಜ ಆದ್ರೇನು, ಇಬ್ರೂ ಒಂದೇ ಊರಾವ್ರಲ್ಲೇನು? ಮನಸಿಗೆ ಹಚ್ಕೋಬ್ಯಾಡ, ಊಟ ಮಾಡಿ ಹೋಗು" ಅಂದೆ.

ಊಟ ಮಾಡಲಿಲ್ಲ. ಬಸ್ಸಿನಲ್ಲಿ ಮುಸರ್ರತ, "ಪೊಲೀಸ್ ಆಕ್ಷನ್ ಆದ ವರ್ಷದ್ದು ನಮ್ಮ ಮನ್ಯಾಗೂ ಒಂದು ಸುದ್ದಿ ಅದ ಕೌಸಲ್ಯಾಬಾಯಿ. ಅದನ್ನ ಮೈಕಿನ ಮುಂದ ಯಾರೂ ಕೇಳಂಗಿಲ್ರಿ" ಎಂದಳು. ಏನು ಎಂದು ಕೇಳಿದೆ. "ಇವತ್ತ ನಿಮ್ದೇ ಸಾಕು" ಅಂದಳು.

ಇಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದೆ. ಮಾತು ಗಾಳಿಗೆ ಹೋಗುತ್ತದೆ. ಆದರೆ ಹೋದ ವಾರ ಡಾಬಕಾದಿಂದ ನಮ್ಮ ಸೋದರಮಾವನ ಮಗ ಮಚ್ಛೇಂದ್ರ ಫೋನ್ ಮಾಡಿದ್ದ. "ಅಕ್ಕಾ, ಸಾಲಿ ಗ್ವಾಡಿ ಮ್ಯಾಲ ಚಿತ್ರ ತೆಗಿಲತ್ತಾರ. ಪಟಕಾ ಸುತ್ತಿದ ವಾಡೇದ ಅಜ್ಜ, ಕೈಯಾಗ ನಮ್ಮ ಕೋಲು. ಖರ್ಚು ಪ್ರಮಿಲಾಬಾಯಿದಂತ" ಅಂದ. ಗೆರೆ ಎಳೆದಿದ್ದಾರೆ, ಬಣ್ಣ ಇನ್ನೂ ಹಾಕಿಲ್ಲವಂತೆ. ಆ ಸಾಲಿಗೆ ನಮ್ಮ ಕೇರಿಯ ಮಕ್ಕಳೂ ಹೋಗುತ್ತಾರೆ. ದಿನಾ ಆ ಗೋಡೆ ನೋಡಿ ಬೆಳೆದವರಿಗೆ ನಾಳೆ ನಾನು ಏನು ಹೇಳಿದರೂ, ಮುದುಕಿಗೆ ತಲೆ ಕೆಟ್ಟಿದೆ ಎಂದಾರು.

ಬಣ್ಣ ನಿಲ್ಲಿಸು. ನಿಮ್ಮಜ್ಜನ ಚಿತ್ರ ಬೇಡ ಎನ್ನುವುದಿಲ್ಲ. ಪಕ್ಕದಲ್ಲಿ ಕುದುರೆ ಮೇಲೆ ಕೂರಿಸು, ಕುರ್ಚಿ ಮೇಲೆ ಕೂರಿಸು. ಕೋಲನ್ನು ನರಸಿಂಗನ ಕೈಗೆ ಕೊಡಿಸು. ಅವನ ಮುಖ ಹೇಗಿತ್ತೆಂದು ಗೊತ್ತಿಲ್ಲ, ಫೋಟೋ ಇಲ್ಲ. ವಿಶಾಖಾಳ ಹಣೆ ಅವನದೇ ಎಂದು ನಮ್ಮಪ್ಪ ಹೇಳುತ್ತಿದ್ದ. ಬೇಕಾದರೆ ಅವಳನ್ನೇ ಪೇಂಟರನ ಮುಂದೆ ನಿಲ್ಲಿಸುತ್ತೇನೆ.

ನಿನ್ನ ಮಗಳು ಶರ್ವರಿಗೆ ನನ್ನ ಆಶೀರ್ವಾದ ಹೇಳು. ಅವಳಿಗೆ ಎಲ್ಲಾ ಒಳ್ಳೆಯದಾಗಲಿ, ನಿನ್ನ ಮೊಣಕಾಲಿಗೂ ಆರಾಮಾಗಲಿ.

ನಿನ್ನ
ಕೌಸಲ್ಯಾ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ. ನಿದ್ದೆ ಕೆಡಿಸಿದ್ದು ಕೋಲಲ್ಲ, ಇದು. ಭಾಷಣದ ಕೊನೆಗೆ ನೀನು, "ನಮ್ಮ ಅಜ್ಜನವರ ಜೊತೆಗಿದ್ದ ಒಬ್ಬ ಆಳು ನಮ್ಮ ಸುಣ್ಣದ ಭಟ್ಟಿಯಲ್ಲಿ ಅಡಗಿದ್ದಾಗ ರಜಾಕಾರರ ಕೈಗೆ ಸಿಕ್ಕ" ಎಂದು ಒಂದೇ ಮಾತು ಹೇಳಿ ಮುಂದೆ ಹೋದೆ. ಪ್ರಮಿಲಾ, ಆ ಆಳು ನಮ್ಮಜ್ಜನಲ್ಲದೆ ಇನ್ಯಾರು? ಇದನ್ನು ನಾನು ನಿನಗೆ ಹೇಳಿಲ್ಲ. ನನಗೇ ಗೊತ್ತಿರಲಿಲ್ಲ. ಅಜ್ಜ ಸಿಕ್ಕಿದ್ದು ಎಲ್ಲಿ ಎಂದು ಆಯಿ ಸಿಕ್ಕಸಿಕ್ಕವರನ್ನೆಲ್ಲ ಕೇಳಿದಳು, ಯಾರೂ ಹೇಳಲಿಲ್ಲ. ಹೆಣ ಕಾಣಲಿಲ್ಲವೆಂದು ಬಳೆ ತೆಗೆಯದೆ, ಕುಂಕುಮ ಅಳಿಸದೆ, ಸಾಯುವ ತನಕ ನಿಮ್ಮ ವಾಡೆಯ ಅಂಗಳವನ್ನೇ ಗುಡಿಸಿದಳು. ನಿಮ್ಮವರ ಮಾತಿಲ್ಲದೆ ನಮ್ಮವರು ನಿಮ್ಮ ಭಟ್ಟಿಯೊಳಗೆ ಕಾಲಿಡುವ ಕಾಲವಲ್ಲ ಅದು. ನಿಮ್ಮಜ್ಜನೇ ದಯೆಯಿಂದ ಅಡಗಿಸಿಟ್ಟರು, ಬೇರೆ ಯಾರೋ ನೋಡಿ ಹೇಳಿದರು ಎಂದುಕೊಳ್ಳಲು ನೋಡುತ್ತೇನೆ. ಹಾಗಿದ್ದರೆ ಅಂಗಳದಲ್ಲಿದ್ದ ಆಯಿಗೆ ಒಂದು ಮಾತು ಯಾಕೆ ಹೇಳಲಿಲ್ಲ?

ಈ ಮಾತು ಮಕರಂದ ಕಾಕಾ ಹೇಳಿದ್ದೇ ಇರಬೇಕು. ಆಗ ಅವರು ತಿಳಿವಳಿಕೆ ಬಂದ ಹುಡುಗ. ಅವರನ್ನು ಇನ್ನೊಮ್ಮೆ ಕೇಳು. ನಮ್ಮಜ್ಜ ಭಟ್ಟಿಯಲ್ಲಿದ್ದಾನೆಂದು ನಿಮ್ಮ ಮನೆಯಲ್ಲಿ ಮಾತಾಡಿಕೊಂಡದ್ದು ರಜಾಕಾರರು ಬಂದು ಹೋದ ಮೇಲೋ, ಅವರು ಬರುವುದಕ್ಕೆ ಮೊದಲೋ. ಅದೊಂದನ್ನು ಸರಿಯಾಗಿ ಕೇಳಿ ನನಗೆ ಬರೆ.