ಬಾಯಿಪಾಠದ ಬೋರ್ಡು

ಜುಲೈ ೧೧, ಗುರುವಾರ

ಇವತ್ತು ಕಣ್ಣಾಸ್ಪತ್ರೆಯಲ್ಲಿ ನಾನು ಆಡಿದ್ದು ಶುದ್ಧ ನಾಟಕ!

ನನಗಿಂತ ಮುಂಚಿನ ಮೂವರು ಗೋಡೆಯ ಬೋರ್ಡು ಓದುವುದನ್ನು ಕೇಳುತ್ತಾ ಕೂತಿದ್ದೆ. ನಾಟಕ ಕಂಪನಿಯಲ್ಲಿ ಬೆಳೆದ ಕಿವಿ, ಎರಡು ಸಲ ಕೇಳಿದ್ದು ಬಾಯಿಗೆ ಬಂದುಬಿಡುತ್ತದೆ. ನನ್ನ ಸರದಿ ಬಂದಾಗ ಎಡಗಣ್ಣಿಗೆ ಬರೀ ಮಸುಕು. ಆದರೂ ಕಂಪನಿಯಲ್ಲಿ ರಾಜನ ಪಾತ್ರ ಮಾಡುತ್ತಿದ್ದ ಅಪ್ಪನ ಗಂಟಲಲ್ಲಿ ಕೊನೆಯ ಸಾಲಿನವರೆಗೂ ಗುಡುಗಿದೆ.

"ತಾಯಿ, ಮೆತ್ತಗೆ! ಪಕ್ಕದಲ್ಲಿ ಆಪರೇಷನ್ ನಡೀತಿದೆ" ಅಂದಳು ನರ್ಸ್. ಪೂರ್ತಿ ಅಂಕವನ್ನೂ ಕೊಟ್ಟಳು.

ಹತ್ತು ವರ್ಷದ ಸಕ್ಕರೆ ಕಾಯಿಲೆ, ಈಗ ಐದು ತಿಂಗಳ ಬಸಿರು. ಕಣ್ಣು ಕೆಟ್ಟಿದೆ ಅಂದರೆ ಮಗು ಬೇಡ ಅಂದಾರು ಎಂಬ ಹೆದರಿಕೆ ನನಗೆ.

ಹೊರಗೆ, ಜೊತೆಗೆ ಬಂದಿದ್ದ ಅತ್ತೆ ಅನುಮಾನದಿಂದ ನನ್ನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿದರು. "ನಾನು ಕಾಣ್ತೀನಾ?"

"ಕಾಣ್ತೀರಿ."

"ಕಣ್ಣು ಬಿಟ್ಟಿದೀನಾ, ಮುಚ್ಚಿದೀನಾ?"

ರಂಗದ ಮೇಲೆ ಎಂದೂ ತಡವರಿಸದ ನಾನು ಕತ್ತು ಚಾಚಿ, ಎಡಗಣ್ಣು ಕಿರಿದು ಮಾಡಿ ನೋಡಿದೆ.

"ಏಳಿ ಮಹಾರಾಣಿ, ಮತ್ತೆ ಒಳಗೆ ನಡೀರಿ."

ನನ್ನ ಬಾಯಿಪಾಠದ ಗುಟ್ಟು ಕೇಳಿದ ಡಾಕ್ಟರಮ್ಮ ಕಣ್ಣಿಗೆ ಹನಿ ಹಾಕಿ ನೋಡಿದರು. ಕಣ್ಣೊಳಗೆ ರಕ್ತ ಜಿನುಗಿದೆಯಂತೆ, ಬಸಿರಿನಲ್ಲಿ ಇದು ಬೇಗ ಹೆಚ್ಚುತ್ತದಂತೆ. ಸೋಮವಾರ ಲೇಸರ್.

"ಲೇಸರಿಂದ ಮಗೂಗೇನೂ ಆಗಲ್ಲ. ಹೋಗಿರೋ ದೃಷ್ಟಿ ಬರುತ್ತೋ ಹೇಳಲಾರೆ, ಉಳಿದಿದ್ದು ಉಳಿಸ್ಕೊಳ್ಳೋಣ." ಚೀಟಿಯ ಮೇಲೆ ದಪ್ಪಗೆ ಬರೆದರು: ಈಕೆಗೆ ಪ್ರತಿ ಸಲ ಬೇರೆ ಬೋರ್ಡು.

ಈ ಸಾಲನ್ನು ಬಲಗಣ್ಣು ಮುಚ್ಚಿಕೊಂಡು ಬರೆಯುತ್ತಿದ್ದೇನೆ. ಸೊಟ್ಟಗೆ ಹೋಗುತ್ತಿರಬಹುದು. ಲೇಸರ್ ಆದ ಮೇಲೆ ಎಡಗಣ್ಣಲ್ಲೇ ಇದನ್ನು ಓದಿ ನೋಡಬೇಕು, ಅಷ್ಟರಲ್ಲಿ ಇದೂ ಬಾಯಿಪಾಠ ಆಗದಿದ್ದರೆ.